ಒಬ್ಬರಿಗೊಂದು ಎಲೆ

ಮನುಷ್ಯನು ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ ಎಂದು ನಮ್ಮ ವೇದಾಂತಿಗಳು ಹೇಳುವರು. ಹಾಗೆ ಹೇಳಿದ ಬಳಿಕ ಅವರೂ ಎದ್ದುಹೋಗಿ ಪಂಕ್ತಿಯಲ್ಲಿ ಕುಳಿತೇ ಊಟ ಮಾಡುವರು. ಹುಟ್ಟನ್ನೂ ಸಾವನ್ನೂ ಒಂಟಿಯಾಗಿ ಎದುರಿಸಲು ಸಿದ್ಧರಾದ ನಮ್ಮ ಜನ ಊಟವನ್ನು ಮಾತ್ರ ಒಂಟಿಯಾಗಿ ಮಾಡಲು ಒಪ್ಪಿಲ್ಲ. ಮದುವೆಯಾಗಲಿ, ತಿಥಿಯಾಗಲಿ, ಊರ ಹಬ್ಬವಾಗಲಿ, ಸಾಲಾಗಿ ಎಲೆ ಹಾಕಿ, ಪಕ್ಕದವರ ಎಲೆಗೆ ಏನು ಬಿದ್ದಿತೆಂದು ಓರೆಗಣ್ಣಿನಲ್ಲಿ ನೋಡುತ್ತ ಉಂಡರೇ ನಮಗೆ ಊಟ. ಒಬ್ಬನೇ ಕುಳಿತು ತಿಂದವನನ್ನು ಜಿಪುಣನೆಂದೋ, ಮನೆಯವರೊಡನೆ ಜಗಳವಾಡಿದವನೆಂದೋ ಭಾವಿಸುವುದು ವಾಡಿಕೆ.

ಆದರೆ ಪ್ರಯಾಣದಲ್ಲಿರುವವರಿಗೆ ಈ ಸೌಭಾಗ್ಯವಿಲ್ಲ. ಹೊಟ್ಟೆಯು ಜೊತೆಗಾರರು ಬರುವವರೆಗೆ ಕಾಯುವುದಿಲ್ಲ. ಪರಸ್ಥಳದಲ್ಲಿ, ಕೈಯಲ್ಲಿ ಸ್ವಲ್ಪವೇ ಹಣವಿರುವಾಗ, ಗುರುತಿನವರಿಲ್ಲದ ಮನುಷ್ಯನು ಎಲ್ಲಿ ಉಣ್ಣಬೇಕು? ಅಲ್ಲಿ ಅವನನ್ನು ಹೇಗೆ ನೋಡುವರು? ಈ ಪ್ರಶ್ನೆಗಳು ಅಲ್ಪವೆಂದು ತೋರಬಹುದು. ಆದರೆ ಒಂದು ಸಮಾಜವು ಅಪರಿಚಿತನನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದನ್ನು ಅಳೆಯಲು ಇವಕ್ಕಿಂತ ಒಳ್ಳೆಯ ಬಳ್ಳವಿಲ್ಲವೆಂದು ನನ್ನ ಭಾವನೆ. ಜಪಾನ್ ದೇಶದ ಅಗ್ಗದ ಊಟದ ಅಂಗಡಿಗಳಲ್ಲಿ ನಾನು ಕಂಡುದನ್ನು ಮುಂದಿಟ್ಟುಕೊಂಡು, ಅದರ ಬೆಳಕಿನಲ್ಲಿ ನಮ್ಮ ತೆಂಗಿನ ಸೀಮೆಯ ಹೋಟೆಲುಗಳನ್ನೂ ನೋಡುವುದು ಈ ಲೇಖನದ ಉದ್ದೇಶ.

2024ರ ನವೆಂಬರ್ ತಿಂಗಳಿನಲ್ಲಿ ಒಂದು ವಿಚಾರಗೋಷ್ಠಿಯ ನಿಮಿತ್ತ ನಾನು ಓಸಾಕಾ ನಗರದಲ್ಲಿ ಆರು ದಿನ ಇರಬೇಕಾಯಿತು. ಮಧ್ಯಾಹ್ನದ ಊಟವನ್ನು ಕರೆದವರು ಕೊಡುತ್ತಿದ್ದರು. ರಾತ್ರಿಯದು ನನ್ನ ಪಾಲಿಗೆ ಬಿಟ್ಟದ್ದು. ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದ ನಾನು ಅದುವರೆಗೆ ನಮ್ಮ ನಾಡಿನಲ್ಲಿಯೇ ಹೋಟೆಲಿನಲ್ಲಿ ಒಬ್ಬಳೇ ಕುಳಿತು ಉಂಡದ್ದು ಬೆರಳೆಣಿಕೆಯಷ್ಟು ಸಲ. ಇನ್ನು ಭಾಷೆ ತಿಳಿಯದ ನಾಡಿನಲ್ಲಿ ಹೇಗೋ ಎಂಬ ಅಳುಕು ಸಹಜವಾಗಿಯೇ ಇದ್ದಿತು. ಮೊದಲ ರಾತ್ರಿಯೇ ಆ ಅಳುಕು ಬಹುಪಾಲು ಕಳೆಯಿತು. ಇದಕ್ಕೆ ಜಪಾನಿಗಳ ಸೌಜನ್ಯವೊಂದೇ ಕಾರಣವಲ್ಲ. ಅಲ್ಲಿನ ಅಂಗಡಿಗಳ ಏರ್ಪಾಡೇ ಒಂಟಿ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆ ಏರ್ಪಾಡನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಬಾಗಿಲ ಹೊರಗಿನ ಗಾಜಿನ ಪೆಟ್ಟಿಗೆ. ಬಹಳ ಅಂಗಡಿಗಳಲ್ಲಿ ಒಳಗೆ ದೊರೆಯುವ ತಿನಿಸುಗಳ ಪ್ರತಿಕೃತಿಗಳನ್ನು ಬಟ್ಟಲು ಸಮೇತ ಮಾಡಿ ಸಾಲಾಗಿ ಇಟ್ಟಿರುತ್ತಾರೆ. ಅನ್ನದ ಅಗುಳು, ಸಾರಿನ ಹೊಳಪು, ಮೇಲೆ ಉದುರಿಸಿದ ಈರುಳ್ಳಿಯ ಹಸಿರು, ಎಲ್ಲವೂ ನಿಜವೆಂದೇ ತೋರುವುದು. ಪ್ರತಿಯೊಂದರ ಮುಂದೆಯೂ ಬೆಲೆಯ ಚೀಟಿ. ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಇವಾಸಾಕಿ ತಾಕಿಝೊ ಎಂಬವರು. 1932ರಲ್ಲಿ ಅವರು ಇದೇ ಓಸಾಕಾದಲ್ಲಿ ಈ ವ್ಯಾಪಾರವನ್ನು ಆರಂಭಿಸಿದರು. ಆಗ ಮೇಣದಲ್ಲಿ ಮಾಡುತ್ತಿದ್ದುದನ್ನು ಈಗ ಪ್ಲಾಸ್ಟಿಕ್ಕಿನಲ್ಲಿ ಮಾಡುವರು. ಇದರ ಉಪಕಾರವೇನೆಂದರೆ, ಓದು ಬಾರದವನೂ, ಪರದೇಶಿಯೂ, ಸಂಕೋಚದವನೂ ಬೀದಿಯಲ್ಲಿಯೇ ನಿಂತು, ಯಾರ ಹಂಗೂ ಇಲ್ಲದೆ, ತನ್ನ ಜೇಬಿಗೂ ಹಸಿವಿಗೂ ಹೊಂದುವುದನ್ನು ತೀರ್ಮಾನಿಸಿಕೊಳ್ಳಬಹುದು. ಒಳಗೆ ಹೋಗಿ ಕುಳಿತ ಮೇಲೆ ಬೆಲೆ ಕೇಳಿ ಎದ್ದುಬರುವ ಅವಮಾನವಿಲ್ಲ.

ಎರಡನೆಯದು ಚೀಟಿಯ ಯಂತ್ರ. ಅಗ್ಗದ ಅಂಗಡಿಗಳಲ್ಲಿ ಬಾಗಿಲ ಬಳಿಯೇ ನಮ್ಮ ಬೀರುವಿನಷ್ಟು ಎತ್ತರದ ಒಂದು ಯಂತ್ರವಿರುತ್ತದೆ. ಹಣ ಹಾಕಿ ಗುಂಡಿಯೊತ್ತಿದರೆ ಊಟದ ಚೀಟಿ ಹೊರಬರುವುದು. ಅದನ್ನು ಅಡಿಗೆಯವನ ಮುಂದಿಟ್ಟರೆ ಮುಗಿಯಿತು. ಮಾತೇ ಬೇಕಿಲ್ಲ. ಅಡಿಗೆಯವನು ಹಣ ಮುಟ್ಟುವುದಿಲ್ಲ, ಆದುದರಿಂದ ಕೈ ಶುಚಿ. ಗಲ್ಲಾದ ಮೇಲೆ ಒಬ್ಬನನ್ನು ಕೂರಿಸುವ ಸಂಬಳ ಉಳಿಯಿತು. ಉಂಡವನು ಬಿಲ್ಲಿಗಾಗಿ ಕಾಯಬೇಕಿಲ್ಲ. ಮಾಣಿಗೆ ಇನಾಮು ಕೊಡುವ ಪದ್ಧತಿಯೂ ಆ ದೇಶದಲ್ಲಿಲ್ಲವಾದುದರಿಂದ ಎಷ್ಟು ಕೊಟ್ಟರೆ ಮರ್ಯಾದೆ ಎಂಬ ಲೆಕ್ಕಾಚಾರವೂ ಇಲ್ಲ. ಚಹವಾಗಲಿ ತಣ್ಣೀರಾಗಲಿ ಕೇಳದೆಯೇ ಬರುವುದು, ಅದಕ್ಕೆ ಬೆಲೆಯಿಲ್ಲ.

ಮೂರನೆಯದು ಕೂರುವ ಜಾಗ. ನಮ್ಮ ಹೋಟೆಲುಗಳಲ್ಲಿ ನಾಲ್ವರ ಮೇಜೇ ಅಳತೆ. ಒಬ್ಬರು ಬಂದು ಕುಳಿತರೆ ಮೂರು ಕುರ್ಚಿ ಖಾಲಿ, ಮಾಲೀಕನಿಗೆ ನಷ್ಟ. ಅಲ್ಲಿ ಅಡಿಗೆಯ ಒಲೆಯ ಸುತ್ತ ಒಂದು ಉದ್ದನೆಯ ಹಲಗೆ, ಅದರ ಮುಂದೆ ಎಂಟೋ ಹತ್ತೋ ಎತ್ತರದ ಪೀಠಗಳು. ಹಾಗೆ ಕುಳಿತಾಗ ಎಲ್ಲರ ಮುಖವೂ ಒಲೆಯ ಕಡೆಗೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಒಂಟಿಯಾಗಿ ಬಂದವರು ಅಲ್ಲಿ ಅಪವಾದವಲ್ಲ, ಅವರೇ ನಿಯಮ. ನಾನು ಹೋದ ಮೊದಲ ಅಂಗಡಿಯಲ್ಲಿ ನನ್ನ ಎಡಕ್ಕೆ ಕೈಚೀಲ ಹಿಡಿದ ಗುಮಾಸ್ತರೊಬ್ಬರು, ಬಲಕ್ಕೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು. ಆ ಅಜ್ಜಿ ನನ್ನ ಸೀರೆಯನ್ನು ಒಮ್ಮೆ ನೋಡಿ ತಲೆಬಾಗಿಸಿ ತಮ್ಮ ಬಟ್ಟಲಿನ ಕಡೆ ತಿರುಗಿದರು. ಅಷ್ಟೇ ಸಂಭಾಷಣೆ.

ಹೊಸ್ತಿಲು ದಾಟಿದೊಡನೆ ಅಂಗಡಿಯವರು ಕೇಳುವ ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. 'ಎಷ್ಟು ಜನ?' ಎಂಬುದೇ ಆ ಪ್ರಶ್ನೆ. ನಮ್ಮಲ್ಲಿಯೂ ಅದನ್ನೇ ಕೇಳುವರು. ಆದರೆ ಜಪಾನಿನಲ್ಲಿ ಒಬ್ಬರೆಂದು ಬೆರಳೆತ್ತಿ ತೋರಿಸಿದರೆ 'ಒಹಿತೋರಿಸಾಮಾ' ಎಂದು ಒಳಗೆ ಕೂಗಿ ಹೇಳುವರು. 'ಹಿತೋರಿ' ಎಂದರೆ ಒಬ್ಬರು. ಹಿಂದಿನ 'ಒ' ಅಕ್ಷರವೂ ಮುಂದಿನ 'ಸಾಮಾ' ಎಂಬುದೂ ಗೌರವಸೂಚಕಗಳು. 'ಒಬ್ಬರು ಮಹನೀಯರು' ಎಂದಂತಾಯಿತು. 2000ದ ಈಚೆಗೆ ಈ ಮಾತು ತಾನೊಬ್ಬಳೇ ಊಟಕ್ಕೂ ಪ್ರವಾಸಕ್ಕೂ ಹೋಗುವ ಹೆಂಗಸನ್ನು ಕುರಿತು ಮೆಚ್ಚುಗೆಯಿಂದ ಹೇಳುವ ಮಾತಾಗಿಯೂ ಬಳಕೆಗೆ ಬಂದಿದೆ. ನಮ್ಮಲ್ಲಿ 'ಒಬ್ರೇನಾ?' ಎಂದು ಕೇಳುವಾಗಿನ ಧ್ವನಿಯನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಏರ್ಪಾಡು ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಇದರ ಹಿಂದೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಇಂದಿನ ತೋಕಿಯೊ ನಗರಕ್ಕೆ ಹಿಂದೆ ಎದೊ ಎಂದು ಹೆಸರು. 1603ರಿಂದ ಅಲ್ಲಿ ಆಳಿದ ತೊಕುಗಾವಾ ಮನೆತನದವರು ತಮ್ಮ ಸಾಮಂತರನ್ನು ಹದ್ದುಬಸ್ತಿನಲ್ಲಿಡಲು 1635ರಲ್ಲಿ ಒಂದು ಕಟ್ಟಳೆ ಮಾಡಿದರು. ಪ್ರತಿಯೊಬ್ಬ ಸಾಮಂತನೂ ವರ್ಷ ಬಿಟ್ಟು ವರ್ಷ ರಾಜಧಾನಿಯಲ್ಲಿ ವಾಸಿಸಬೇಕೆಂಬುದು ಆ ಕಟ್ಟಳೆ. ಅವರೊಡನೆ ಬಂದ ಪರಿವಾರದವರು ಬಹುಮಂದಿ ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗಂಡಸರು. 1657ರಲ್ಲಿ ನಗರದ ಬಹುಭಾಗ ಬೆಂಕಿಗೆ ಆಹುತಿಯಾದಾಗ ಮತ್ತೆ ಕಟ್ಟಲು ಬಡಗಿಗಳೂ ಕೂಲಿಗಾರರೂ ಗುಂಪುಗುಂಪಾಗಿ ಬಂದರು. ಒಂಟಿ ಗಂಡಸರು ತುಂಬಿದ ಆ ನಗರದಲ್ಲಿ ಬೀದಿಯ ಬದಿಗೆ ನಿಂತೇ ತಿಂದು ಹೋಗುವ ಅಂಗಡಿಗಳು ಬೆಳೆದುವು. ಹುರುಳಿಗೋಧಿಯ ಶ್ಯಾವಿಗೆಯಾದ ಸೊಬಾ, ಎಣ್ಣೆಯಲ್ಲಿ ಕರಿದ ತೆಂಪುರಾ, ಅನ್ನದ ಮೇಲೆ ಮೀನಿಟ್ಟ ಸುಶಿ, ಇವೆಲ್ಲ ಆ ಬೀದಿ ಅಂಗಡಿಗಳಲ್ಲಿ ಬಡವರ ತಿಂಡಿಯಾಗಿ ಬಾಳಿದುವು. ಇಂದು ಸುಶಿಯೆಂದರೆ ಶ್ರೀಮಂತರ ಭೋಜನವೆಂದು ನಮ್ಮಲ್ಲಿ ತಿಳಿದಿರುವರು. ಅದರ ಹಿಂದಿನ ಬಾಳು ನಮ್ಮ ಬೋಂಡ ಬಜ್ಜಿಗಳ ಬಾಳೇ ಆಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದರೂ ಕಥೆ ಅದೇ. 1899ರಲ್ಲಿ ತೋಕಿಯೊದ ನಿಹೊಂಬಾಶಿಯ ಮೀನುಪೇಟೆಯಲ್ಲಿ ಯೊಶಿನೊಯಾ ಎಂಬ ಚಿಕ್ಕ ಅಂಗಡಿ ಆರಂಭವಾಯಿತು. ಬೆಳಗಿನ ಜಾವಕ್ಕೇ ಎದ್ದು ದುಡಿಯುವ ಪೇಟೆಯ ಆಳುಗಳಿಗೆ ಬಿಸಿ ಅನ್ನದ ಮೇಲೆ ದನದ ಮಾಂಸದ ಪಲ್ಯ ಹರಡಿದ ಒಂದೇ ಬಟ್ಟಲನ್ನು ಕ್ಷಣಮಾತ್ರದಲ್ಲಿ ಕೊಡುವುದು ಅದರ ವ್ಯಾಪಾರ. ಈಗ ಅದೇ ಹೆಸರಿನ ಅಂಗಡಿಗಳು ದೇಶದ ತುಂಬ ಇವೆ. ತಿಪಟೂರಿನ ಕೊಬ್ಬರಿ ಮಂಡಿಯ ಆಳುಗಳನ್ನು ನಂಬಿ ಸುತ್ತಮುತ್ತಲ ಹೋಟೆಲುಗಳು ಬದುಕುವುದನ್ನು ಕಂಡವರಿಗೆ ಇದು ಹೊಸ ವಿಷಯವಲ್ಲ. ಮಂಡಿ ಎಲ್ಲಿದೆಯೋ ಅಲ್ಲಿ ಬೇಗ ಬೇಯುವ ಅನ್ನವೂ ಇರಲೇಬೇಕು.

ಅಗ್ಗವಾಗುವುದು ಹೇಗೆ ಎಂಬುದನ್ನೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಆಗ ಒಂದು ಯೆನ್ನಿಗೆ ನಮ್ಮ ಸುಮಾರು ಐವತ್ತೈದು ಪೈಸೆ. ಸುಮಾರು ಐನೂರು ಯೆನ್ನಿಗೆ ಒಂದು ಬಟ್ಟಲು ಊಟ ದೊರೆಯುತ್ತಿತ್ತು. ನಮ್ಮ ಲೆಕ್ಕದಲ್ಲಿ ಇದು ಇನ್ನೂರ ಎಪ್ಪತ್ತು ರೂಪಾಯಿಯ ಮೇಲಾದರೂ ಅಲ್ಲಿಯ ಕೂಲಿಯ ದರಕ್ಕೆ ಹೋಲಿಸಿದರೆ ಅಗ್ಗವೇ. ಕಾರಣಗಳು ನಾಲ್ಕು. ತಿನಿಸುಗಳು ಕೆಲವೇ, ಆದುದರಿಂದ ಸಾಮಾನು ಕೆಟ್ಟು ನಷ್ಟವಾಗುವುದು ಕಡಿಮೆ. ಒಂದೇ ಸಾರು, ಒಂದೇ ಅನ್ನ, ಮೇಲಿನ ಅಲಂಕಾರ ಮಾತ್ರ ಬೇರೆ ಬೇರೆ. ಜಾಗ ಚಿಕ್ಕದು, ಬಾಡಿಗೆಯೂ ಅಷ್ಟೇ ಕಡಿಮೆ. ಕೊನೆಯದಾಗಿ, ಒಂಟಿ ಗಿರಾಕಿ ಹರಟುತ್ತ ಕೂರುವುದಿಲ್ಲ, ಕಾಲು ಗಂಟೆಯಲ್ಲಿ ಎದ್ದು ಜಾಗ ಬಿಡುತ್ತಾನೆ. ನಮ್ಮ ಹೋಟೆಲಿನವರು ಹೊರೆಯೆಂದು ತಿಳಿಯುವ ಒಂಟಿ ಗಿರಾಕಿಯೇ ಅಲ್ಲಿ ಲಾಭದ ಮೂಲ.

ಇದೇ ತತ್ತ್ವವನ್ನು ಯಂತ್ರಕ್ಕೆ ಏರಿಸಿದವರು ಓಸಾಕಾ ಪ್ರಾಂತದ ಶಿರಾಯಿಶಿ ಯೊಶಿಆಕಿ. ಬಿಯರು ಕಾರ್ಖಾನೆಯಲ್ಲಿ ಸೀಸೆಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ, ಸುಶಿಯ ತಟ್ಟೆಗಳನ್ನೂ ಹಾಗೆಯೇ ಸಾಗಿಸಬಾರದೇಕೆಂದು ಯೋಚಿಸಿ, 1958ರಲ್ಲಿ ಅಂಥ ಮೊದಲ ಅಂಗಡಿಯನ್ನು ತೆರೆದರು. 1970ರಲ್ಲಿ ಓಸಾಕಾದಲ್ಲಿ ನಡೆದ ವಿಶ್ವ ಪ್ರದರ್ಶನದಿಂದ ಅದು ಲೋಕಕ್ಕೆಲ್ಲ ಪರಿಚಯವಾಯಿತು. ತಟ್ಟೆಗಳು ತಾವಾಗಿಯೇ ಮುಂದೆ ಹಾದುಹೋಗುವುವು. ಬೇಕಾದುದನ್ನು ಎತ್ತಿಕೊಂಡು ತಿನ್ನಬಹುದು. ಕೊನೆಗೆ ಖಾಲಿ ತಟ್ಟೆಗಳನ್ನು ಎಣಿಸಿ ಹಣ ಕೊಡುವುದು. ತಟ್ಟೆಗೆ ನೂರು ಯೆನ್ ಎಂಬುದು ಬಹುಕಾಲದ ಬೆಲೆಯಾಗಿದ್ದಿತು. 2022ರಲ್ಲಿ ದೊಡ್ಡ ಅಂಗಡಿಗಳವರು ಅದನ್ನು ಏರಿಸಿದರು. ಈಗ ಹಲವು ಕಡೆ ಪರದೆಯ ಮೇಲೆ ಚಿತ್ರ ಮುಟ್ಟಿ ಕೇಳಿದರೆ ಕೇಳಿದ ತಟ್ಟೆ ನೇರವಾಗಿ ನಮ್ಮ ಮುಂದೆ ಬಂದು ನಿಲ್ಲುವುದು.

ಇಷ್ಟು ಓದಿದ ಮೇಲೆ ನಮ್ಮ ಶಾಕಾಹಾರಿ ಮಿತ್ರರು 'ಅದೆಲ್ಲ ಸರಿ, ನೀವು ತಿಂದದ್ದೇನು?' ಎಂದು ಕೇಳದೆ ಬಿಡರು. ನ್ಯಾಯವಾದ ಪ್ರಶ್ನೆ. ಜಪಾನಿನ ಅಡಿಗೆಗೆ ದಾಶಿ ಎಂಬ ತಿಳಿಸಾರೇ ಆಧಾರ. ಅದನ್ನು ಕೊಂಬು ಎಂಬ ಕಡಲ ಸೊಪ್ಪಿನಿಂದಲೂ, ಕಾತ್ಸುಒಬುಶಿ ಎಂಬ ಒಣಮೀನಿನಿಂದಲೂ ತೆಗೆಯುವರು. ಈ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸುವರು. ನಮ್ಮಲ್ಲಿ ತೆಂಗಿನಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ನೀರು ಇಂಗಿ, ಒಳಗೆ ಉಂಡೆ ಕೊಬ್ಬರಿ ಕುಲುಕುವವರೆಗೆ ಕಾಯುವ ತಾಳ್ಮೆಯೇ ಅಲ್ಲಿಯೂ ಕಾಣುವುದು. ನಾವು ಗಿಟುಕನ್ನು ತುರಿಯುವಂತೆ ಅವರು ಆ ಮೀನನ್ನು ಹತ್ತರಿಯಂಥ ಉಪಕರಣದ ಮೇಲೆ ಹೆರೆದು ಬಳಸುವರು. ಆದುದರಿಂದ ಮೇಲೆ ಮೀನೂ ಮಾಂಸವೂ ಕಾಣದ ಶ್ಯಾವಿಗೆಯ ಬಟ್ಟಲಿನಲ್ಲಿಯೂ, ಸೋಯಾ ಹಿಟ್ಟಿನ ಮಿಸೊ ಸಾರಿನಲ್ಲಿಯೂ ಮೀನಿನ ರಸವಿರುವುದು ಸಾಮಾನ್ಯ. ಗೋಷ್ಠಿಯವರು ಇದನ್ನು ಮೊದಲೇ ನನಗೆ ತಿಳಿಸಿದ್ದರು. ಶಾಕಾಹಾರಿಗೆ ದಾರಿಯಿಲ್ಲದಿಲ್ಲ. ಸುಶಿ ಅಂಗಡಿಯಲ್ಲಿ ಸೌತೆಕಾಯನ್ನು ಅನ್ನದಲ್ಲಿಟ್ಟು ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿದ ಸುರುಳಿ ಸಿಗುವುದು, ಅದರ ಹೆಸರು ಕಾಪ್ಪಾಮಾಕಿ. ಹುಳಿ ಉಪ್ಪು ಬೆರೆಸಿದ ಉಮೆ ಕಾಯನ್ನು ಒಳಗಿಟ್ಟ ಅನ್ನದ ಉಂಡೆ ಸಿಗುವುದು. ಅದು ನಮ್ಮ ಮೊಸರನ್ನದ ಉಪ್ಪಿನಕಾಯಿಯನ್ನು ನೆನಪಿಗೆ ತರುವುದು. ಬಿಳಿ ಅನ್ನ, ತಣ್ಣಗಿನ ತೋಫು ಎಲ್ಲೆಲ್ಲಿಯೂ ಉಂಟು. ಕರಿ ಅನ್ನವನ್ನು ಮಾರುವ ಒಂದು ದೊಡ್ಡ ಅಂಗಡಿಸಾಲಿನ ಹಲವು ಶಾಖೆಗಳಲ್ಲಿ ಮಾಂಸದ ಅಂಶ ಹಾಕದ ಸಾರನ್ನೇ ಬೇರೆಯಾಗಿ ಇಟ್ಟಿರುತ್ತಾರೆ. ಆರು ರಾತ್ರಿಗಳಲ್ಲಿ ಎರಡು ರಾತ್ರಿ ನನ್ನನ್ನು ಕಾಪಾಡಿದ್ದು ಆ ಕರಿ ಅನ್ನ.

ಆದರೆ ಜಪಾನೆಂದರೆ ಒಂಟಿಯವರ ಸ್ವರ್ಗವೆಂದು ಹೇಳಿ ಲೇಖನವನ್ನು ಮುಗಿಸಿದರೆ ಸತ್ಯಕ್ಕೆ ದೂರವಾದೀತು. 2020ರ ಜನಗಣತಿಯಂತೆ ಅಲ್ಲಿ ನೂರು ಮನೆಗಳಲ್ಲಿ 38 ಮನೆಗಳು ಒಬ್ಬೊಬ್ಬರೇ ಇರುವ ಮನೆಗಳು. ಅವರೆಲ್ಲರೂ ಇಷ್ಟಪಟ್ಟು ಒಂಟಿಯಾದವರಲ್ಲ. ಅಲ್ಲಿಯ ವಿದ್ಯಾರ್ಥಿಗಳ ಸಂಗತಿಯಂತೂ ನಮ್ಮನ್ನು ಯೋಚನೆಗೆ ಹಚ್ಚುವಂಥದು. ಸ್ನೇಹಿತರಿಲ್ಲದೆ ಒಬ್ಬನೇ ಉಣ್ಣುವುದನ್ನು ಸಹಪಾಠಿಗಳು ಕಂಡಾರೆಂಬ ನಾಚಿಕೆಯಿಂದ ಕೆಲವರು ಶೌಚಾಲಯದ ಬಾಗಿಲು ಹಾಕಿಕೊಂಡು ಬುತ್ತಿ ತಿನ್ನುವರೆಂಬ ಸುದ್ದಿ 2009ರ ಸುಮಾರಿಗೆ ಅಲ್ಲಿಯ ಪತ್ರಿಕೆಗಳಲ್ಲಿ ಬಂದು ದೊಡ್ಡ ಚರ್ಚೆಯಾಯಿತು. ಅದಕ್ಕೊಂದು ಹೆಸರೂ ಹುಟ್ಟಿತು. ಪೇಟೆಯ ಅಂಗಡಿಯಲ್ಲಿ ಯಾರೂ ನೋಡದ ಒಂಟಿತನವು ಕಾಲೇಜಿನ ಊಟದ ಶಾಲೆಯಲ್ಲಿ ಎಲ್ಲರೂ ನೋಡುವ ಒಂಟಿತನವಾಗುವುದು. ಆ ಮೇಲೆ ಕ್ಯೋಟೋ ವಿಶ್ವವಿದ್ಯಾಲಯದವರು ಊಟದ ಶಾಲೆಯ ಉದ್ದನೆಯ ಮೇಜುಗಳ ನಡುವೆ ಚಿಕ್ಕ ತಡಿಕೆಗಳನ್ನು ನಿಲ್ಲಿಸಿದರು. ಎದುರಿನವರ ಮುಖ ಮರೆಯಾದುದೇ ತಡ, ಒಂಟಿ ವಿದ್ಯಾರ್ಥಿಗಳು ಬಂದು ಕುಳಿತರು. ತಡಿಕೆಯೆಂದರೆ ಒಂದು ಹಲಗೆ, ಹೆಚ್ಚೇನೂ ಅಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ಪ್ರಯಾಣಿಕನ ಊಟದ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಹಿಂದೆ ಇದ್ದುವು ಛತ್ರ, ಮಠ, ಅರವಟ್ಟಿಗೆ. ಅವು ಪುಣ್ಯದ ಸ್ಥಳಗಳು. ಅಲ್ಲಿ ಹಣ ಕೇಳುತ್ತಿರಲಿಲ್ಲ, ಆದರೆ ಜಾತಿ ಕೇಳುತ್ತಿದ್ದ ಸ್ಥಳಗಳು ಬಹಳ. ಯಾರ ಪಂಕ್ತಿ ಎಲ್ಲಿ, ಯಾರಿಗೆ ಒಳಗೆ, ಯಾರಿಗೆ ಜಗಲಿ, ಯಾರಿಗೆ ಅಂಗಳವೂ ಇಲ್ಲ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಡಾ. ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ಬರೆದಿಟ್ಟಿದ್ದಾರೆ. 1901ರಲ್ಲಿ, ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ ತಂದೆಯನ್ನು ಕಾಣಲು ಸಾತಾರಾದಿಂದ ಇತರ ಮಕ್ಕಳೊಡನೆ ಅವರು ಹೊರಟರು. ಕೈಯಲ್ಲಿ ಗಾಡಿಯ ಬಾಡಿಗೆಗೆ ಹಣವಿದ್ದಿತು, ಬುಟ್ಟಿಯಲ್ಲಿ ಬುತ್ತಿಯಿದ್ದಿತು. ಇರದಿದ್ದುದು ನೀರು. ಅವರ ಜಾತಿ ತಿಳಿದ ಮೇಲೆ ದಾರಿಯುದ್ದಕ್ಕೂ ಯಾರೂ ನೀರು ಕೊಡಲಿಲ್ಲ. ಬುತ್ತಿಯನ್ನು ಮಗ್ಗುಲಲ್ಲಿಟ್ಟುಕೊಂಡು ಮಕ್ಕಳು ಹಸಿದು ಮಲಗಿದರು. ಪ್ರಯಾಣಿಕನ ಊಟವೆಂಬುದು ನಾಲಿಗೆಯ ರುಚಿಯ ವಿಷಯ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಣ ಕೊಟ್ಟವರಿಗೆ ಊಟ ಎಂಬ ಹೋಟೆಲು ಬಂದುದರಿಂದ ಈ ಕಟ್ಟು ಸಡಿಲವಾಗತೊಡಗಿತು, ಆದರೆ ಒಮ್ಮೆಗೇ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉಡುಪಿಯ ಕಡೆಯ ಅಡಿಗೆಯವರು ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೋಗಿ ಹೋಟೆಲುಗಳನ್ನಿಟ್ಟರು. ಇಂದು ಎಂ.ಟಿ.ಆರ್. ಎಂದು ಹೆಸರಾದ ಹೋಟೆಲು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅಂಥ ಹೆಸರುಗಳು ಆಗ ಊರೂರಿನಲ್ಲಿಯೂ ಇದ್ದುವು. ಅಡಿಗೆ ಮಾಡಿದವರ ಜಾತಿ ತಿಳಿಯದೆ ಹೊರಗೆ ಉಣ್ಣಲು ಅಂಜುತ್ತಿದ್ದ ಗಿರಾಕಿಗೆ ಆ ಹಲಗೆಯೇ ಭರವಸೆ. ಅದೇ ಹಲಗೆ ಮತ್ತೊಬ್ಬನಿಗೆ ಮುಚ್ಚಿದ ಬಾಗಿಲಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಸಂವಿಧಾನವನ್ನು ಬರೆದವರು ಹೋಟೆಲನ್ನು ಮರೆಯಲಿಲ್ಲ. 1950ರ ಜನವರಿ 26ರಿಂದ ಜಾರಿಗೆ ಬಂದ ಆ ಮಹಾಗ್ರಂಥದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿಗಳಿಗೆ, ಸಾರ್ವಜನಿಕ ಉಪಾಹಾರಗೃಹಗಳಿಗೆ, ಹೋಟೆಲುಗಳಿಗೆ ಪ್ರವೇಶಿಸದಂತೆ ತಡೆಯಲಾಗದೆಂದು ಹೇಳಿದೆ. ಬಾವಿ, ಕೆರೆ, ರಸ್ತೆಗಳ ಮಾತೂ ಅಲ್ಲಿಯೇ ಬಂದಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಶಿಕ್ಷಾರ್ಹವೆಂದಿತು. 1976ರಲ್ಲಿ ಅದನ್ನು ತಿದ್ದಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯೆಂದು ಹೆಸರಿಟ್ಟರು. ಬೇರೆ ಲೋಟ ಇಡುವ ಕೆಟ್ಟ ಚಾಳಿಯನ್ನು ಕಂಡೇ ಲೋಟದ ಮಾತೂ ಕಾನೂನಿಗೆ ಬರಬೇಕಾಯಿತು. ಜಪಾನಿನಲ್ಲಿ ಒಂಟಿಯವನಿಗೆ ಪೀಠವನ್ನು ಪೇಟೆ ಒದಗಿಸಿತು. ನಮ್ಮಲ್ಲಿ ಅದನ್ನು ಕಾನೂನು ಒದಗಿಸಬೇಕಾಯಿತು. ಹೋಟೆಲಿನ ಬೆಂಚಿನ ಮೇಲೆ ಯಾರೂ ಏನೂ ಕೇಳದೆ ಕುಳಿತು ಇಡ್ಲಿ ತಿನ್ನುವ ಪ್ರತಿಯೊಬ್ಬನೂ ಒಂದು ದೊಡ್ಡ ಹೋರಾಟದ ಫಲವನ್ನು ತಿನ್ನುತ್ತಿದ್ದಾನೆಂಬುದನ್ನು ಮರೆಯಬಾರದು.

ಏರ್ಪಾಡಿನ ವಿಷಯದಲ್ಲಿಯೂ ನಾವು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರಂಭವಾದ ಕೆಫೆ ದರ್ಶಿನಿಯ ಮಾದರಿಯಲ್ಲಿ ಇಂದು ಊರೂರಿಗೂ ದರ್ಶಿನಿಗಳಿವೆ. ಗೋಡೆಯ ಮೇಲೆ ಬೆಲೆಯ ಪಟ್ಟಿ, ಮೊದಲು ಹಣ, ಕೈಗೆ ಟೋಕನ್, ನಿಂತು ತಿನ್ನುವ ಎತ್ತರದ ಮೇಜು. ಓಸಾಕಾದ ರೈಲುನಿಲ್ದಾಣದ ಶ್ಯಾವಿಗೆ ಅಂಗಡಿಗೂ ಇದಕ್ಕೂ ಇರುವ ಭೇದವೆಂದರೆ ಚಟ್ನಿ ಒಂದೇ ಎಂದರೂ ಸಲ್ಲುವುದು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟರು. ಅಲ್ಲಿಯೂ ಟೋಕನ್ನೇ ಮಾತನಾಡುವುದು, ಹೆಸರು ಕುಲ ಕೇಳುವವರಿಲ್ಲ.

ನಮ್ಮ ತಿಪಟೂರನ್ನೇ ನೋಡಿರಿ. ಕೊಬ್ಬರಿ ಹರಾಜಿನ ದಿನ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಅರಸೀಕೆರೆ ಕಡೆಗಳಿಂದ ಬಂದ ರೈತರು ಮಂಡಿಯ ಕೆಲಸ ಮುಗಿಸಿ ಹೋಟೆಲಿಗೆ ನುಗ್ಗುವರು. ಹೆಗಲ ಮೇಲೆ ಟವಲು ಹಾಕಿದ ಗೌಡರೊಬ್ಬರು ಗುರುತಿಲ್ಲದ ನಾಲ್ವರ ನಡುವೆ ಕುಳಿತು, 'ಸ್ವಲ್ಪ ಸರಿದುಕೊಳ್ಳಿ ಸ್ವಾಮಿ' ಎಂದು ಹೇಳಿ, ಎರಡು ತಟ್ಟೆ ಇಡ್ಲಿಯನ್ನು ಕಾಯಿಚಟ್ನಿಯಲ್ಲಿ ಮುಳುಗಿಸಿ ತಿಂದು, ಕಾಫಿ ಹೀರಿ, ಕ್ವಿಂಟಾಲಿನ ಧಾರಣೆಯನ್ನು ಬೈದು ಎದ್ದು ಹೋಗುವರು. ಅವರಿಗೆ ತಾವು ಒಂಟಿಯೆಂಬ ಭಾವವೇ ಇಲ್ಲ. ಅಪರಿಚಿತರ ಮೇಜನ್ನು ಹಂಚಿಕೊಳ್ಳುವುದು ನಮ್ಮ ಹೋಟೆಲಿನ ಒಳ್ಳೆಯ ಗುಣ, ಜಪಾನಿನಲ್ಲಿ ನಾನು ಅದನ್ನು ಕಾಣಲಿಲ್ಲ. ಗಂಡಸಿಗೆ ನಮ್ಮ ಹೋಟೆಲು ಯಾವ ಸಂಕೋಚವನ್ನೂ ಉಳಿಸಿಲ್ಲ.

ಹೆಣ್ಣುಮಗಳಿಗೆ? ಇಲ್ಲಿಯೇ ನನ್ನ ಮಾತು ನಿಲ್ಲುವುದು. ಮೇಲೆ ಹೇಳಿದ 15ನೆಯ ವಿಧಿಯಲ್ಲಿ ಜಾತಿಯೊಡನೆ ಲಿಂಗದ ಮಾತೂ ಇದೆ. ಕಾನೂನು ಬಾಗಿಲನ್ನು ತೆರೆದಿದೆ, ಕಣ್ಣುಗಳು ಮುಚ್ಚಿಲ್ಲ. ನಾನು ಈ ಸೀಮೆಯಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಬೆಳಗ್ಗೆ ಏಳಕ್ಕೆ ಬಸ್ಸು ಹತ್ತಿ, ಸಂಜೆ ಆರಕ್ಕೆ ಮನೆ ಸೇರುತ್ತಿದ್ದೆನು. ಬುತ್ತಿ ತರದ ದಿನ ಮಧ್ಯಾಹ್ನ ನೀರೇ ಊಟ. ಒಮ್ಮೆ ಹಸಿವು ತಡೆಯದೆ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿಗೆ ಹೋದೆನು. 'ಒಬ್ರೇನಾ? ಜೊತೆಗೆ ಯಾರೂ ಬರಲಿಲ್ವೇನಮ್ಮ?' ಎಂದು ಕೇಳಿ, ನನ್ನನ್ನು ಪರದೆ ಎಳೆದ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಪರದೆಯ ಹಿಂದೆ ಕುಳಿತು ತಿನ್ನುವಾಗ ಏನೋ ತಪ್ಪು ಮಾಡುತ್ತಿರುವಂತೆ ತೋರಿತು. ಆ ಬಳಿಕ ಪದವಿ ಮುಗಿಯುವವರೆಗೆ ಯಾವ ಹೋಟೆಲಿಗೂ ಒಬ್ಬಳೇ ಹೋಗಲಿಲ್ಲ.

ಕಾಲ ಬದಲಾಗಿದೆಯೆಂದು ಹೇಳುವರು. ನಿಜ, ಅರ್ಧ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ವಿದ್ಯಾರ್ಥಿನಿಯರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡುವರು. ಹಿಂದೆ ಊರಿನಲ್ಲಿಯೇ ಉಳಿಯುತ್ತಿದ್ದವರು ಈಗ ಕಾಲೇಜಿಗೆ ಬರುತ್ತಿದ್ದಾರೆ. ಆದರೆ ಬೆಳಗಿನ ಮೊದಲ ಬಸ್ಸು ಹಿಡಿಯಲು ತಿಂಡಿ ಬಿಟ್ಟು ಬಂದವರನ್ನು ನಾನು ತರಗತಿಯಲ್ಲಿ ದಿನವೂ ನೋಡುತ್ತೇನೆ. ಎರಡನೆಯ ಗಂಟೆಯ ಪಾಠಕ್ಕೆ ಅವರ ಮುಖ ಬಾಡಿರುತ್ತದೆ. 'ಹೋಟೆಲಿಗೆ ಹೋಗಿ ತಿಂದು ಬರಬಾರದೇನಮ್ಮ?' ಎಂದರೆ, 'ಒಬ್ಳೇ ಹೆಂಗೆ ಹೋಗೋದು ಮೇಡಂ' ಎಂಬ ಉತ್ತರ ಬರುವುದು. ಹಣವಿಲ್ಲವೆಂದು ಹೇಳುವವರಿಗಿಂತ ಹೀಗೆ ಹೇಳುವವರೇ ಹೆಚ್ಚು. ಬಸ್ಸು ಅವರನ್ನು ಊರಿನಿಂದ ಪೇಟೆಗೆ ತಂದಿತು. ಬಸ್ ನಿಲ್ದಾಣದಿಂದ ಹೋಟೆಲಿನ ಬೆಂಚಿನವರೆಗಿನ ಇಪ್ಪತ್ತು ಹೆಜ್ಜೆಯನ್ನು ಯಾವ ಬಸ್ಸೂ ದಾಟಿಸದು.

ಹಾಗಾದರೆ ಮಾಡಬೇಕಾದುದೇನು? ಉಪದೇಶದಿಂದ ಕಣ್ಣುಗಳು ಬದಲಾಗುವುದು ನಿಧಾನ. ಹಲಗೆಯಿಂದ ಬೇಗ ಬದಲಾಗುವುದೆಂಬುದು ಓಸಾಕಾದಲ್ಲಿ ನಾನು ಕಲಿತ ಪಾಠ. ಕಾಲೇಜಿನ ಅಧಿಕಾರಿಗಳಲ್ಲಿಯೂ, ಊರಿನ ಹೋಟೆಲಿನವರಲ್ಲಿಯೂ ನನ್ನ ವಿನಂತಿ ಇಷ್ಟೇ. ಬೆಲೆಯ ಪಟ್ಟಿಯನ್ನು ಒಳಗಲ್ಲ, ಬಾಗಿಲ ಹೊರಗೆ, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿರಿ. ಮೊದಲೇ ಹಣ ಕೊಟ್ಟು ಟೋಕನ್ ಪಡೆಯುವ ಕ್ರಮವಿಡಿರಿ. ಗೋಡೆಯ ಉದ್ದಕ್ಕೂ ಒಂದು ಮರದ ಹಲಗೆ ಹೊಡೆಸಿ, ಗೋಡೆಗೆ ಮುಖಮಾಡಿ ಕೂರುವಂತೆ ಆರು ಸ್ಟೂಲುಗಳನ್ನು ಹಾಕಿಸಿರಿ. ನಮ್ಮ ಸೀಮೆಯಲ್ಲಿ ತೆಂಗಿನ ಮರಕ್ಕೂ ಬಡಗಿಗಳಿಗೂ ಕೊರತೆಯಿಲ್ಲ, ಖರ್ಚು ಹೆಚ್ಚಾಗದು. ಪರದೆ ಬೇಡ. ಪರದೆಯು ಮರೆಮಾಡುತ್ತದೆ, ಹಲಗೆಯು ಜಾಗ ಕೊಡುತ್ತದೆ. ಮಾಣಿಗಳಿಗೆ 'ಒಬ್ರೇನಾ?' ಎಂಬ ಪ್ರಶ್ನೆಯ ಬದಲು 'ಬನ್ನಿ, ಕೂತ್ಕೊಳ್ಳಿ' ಎಂದು ಹೇಳಲು ಕಲಿಸಿರಿ. ಅದಕ್ಕೆ ಕಾಸೂ ಖರ್ಚಿಲ್ಲ.

ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ಮಾತು. ಕ್ಯಾಂಟೀನಿನಲ್ಲಿ ಯಾರಾದರೂ ಒಂಟಿಯಾಗಿ ಕುಳಿತು ತಿನ್ನುತ್ತಿದ್ದರೆ ಅವರನ್ನು ಕನಿಕರದಿಂದಲೂ ಕುತೂಹಲದಿಂದಲೂ ನೋಡುವುದನ್ನು ಬಿಡಿರಿ. ಜೊತೆ ಬೇಕೆಂದು ಅವರ ಮುಖ ಹೇಳಿದರೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ, ಬೇಡವೆಂದು ಹೇಳಿದರೆ ನಿಮ್ಮ ತಟ್ಟೆಯನ್ನು ನೋಡಿಕೊಳ್ಳಿರಿ. ಒಟ್ಟಿಗೆ ಉಣ್ಣುವ ನಮ್ಮ ಸಂಪ್ರದಾಯ ದೊಡ್ಡದು, ಅದು ಉಳಿಯಲಿ. ಆದರೆ ಪಂಕ್ತಿಯಲ್ಲಿ ನೂರು ಎಲೆ ಹಾಕಬಲ್ಲ ಸಮಾಜವು ಒಬ್ಬರೇ ಬಂದವರಿಗೂ ಒಂದು ಎಲೆಯನ್ನು ಅಷ್ಟೇ ಆದರದಿಂದ ಹಾಕಬೇಕು. ಹಸಿದು ಪಾಠ ಕೇಳುವ ಹುಡುಗಿಯೊಬ್ಬಳು ಧೈರ್ಯವಾಗಿ ಬೆಂಚಿನ ಮೇಲೆ ಕುಳಿತು ಎರಡು ಇಡ್ಲಿ ತಿಂದು ತರಗತಿಗೆ ಬಂದರೆ, ಅವಳಿಗೆ ಪಾಠವೂ ತಲೆಗೆ ಹತ್ತುವುದು, ಕಲಿಸುವವರಿಗೂ ಕಲಿಸಿದ ತೃಪ್ತಿಯಿರುವುದು.